ಕೇದಾರಕಂಠದ ಹಿಮದಲ್ಲಿ ಡೇರೆ ಹಾಕುವುದು: ಕರಾವಳಿಯ ನಾಲ್ವರಿಗೆ ಸಾಧ್ಯವೇ?

ಕಡಿಯಾಳಿಯವ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೋಗುವುದೆಂದು ನಾಲ್ವರು ನಿಶ್ಚಯಿಸಿದ್ದೇವೆ. ನಾನು, ನನ್ನ ಹೆಂಡತಿ, ಅಕ್ಕನ ಗಂಡ, ಕಚೇರಿಯ ಒಬ್ಬ ಗೆಳೆಯ. ಭಾವನಿಗೆ 51 ವರ್ಷ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದರೆ ಕುಮಾರಪರ್ವತ ಹತ್ತುವಾಗ ನನಗಿಂತ ಮುಂದೆ ಇದ್ದವರು ಅವರೇ.

ನಮ್ಮ ಅನುಭವ ಇಷ್ಟೇ: ಕುದುರೆಮುಖ, ಕೊಡಚಾದ್ರಿ, ಎರಡು ಸಲ ಕುಮಾರಪರ್ವತ. ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಹುಟ್ಟಿದಂದಿನಿಂದ ನಾವು ಅನುಭವಿಸಿದ ಅತಿ ದೊಡ್ಡ ಚಳಿ ಎಂದರೆ ಬೆಂಗಳೂರಿನ ರಾತ್ರಿ ಬಸ್ಸಿನ ಎ.ಸಿ.

ಚಾರಣ ಕಂಪನಿಯೊಂದರ ಜೊತೆ ಹೋಗಬೇಕೇ, ನಮ್ಮದೇ ಡೇರೆ ಹೊತ್ತುಕೊಂಡು ಹೋಗಬಹುದೇ? ನನ್ನ ಬಳಿ ಇರುವ ಡೇರೆ ಕಾಪು ಕಡಲತೀರದಲ್ಲಿ ಒಂದು ಜೂನ್ ರಾತ್ರಿಯ ಮಳೆಯನ್ನು ತಡೆದಿದೆ. ಬಟ್ಟೆ ಎಷ್ಟು ಬೇಕು? ಊಟಕ್ಕೆ ಏನು? ಅಮ್ಮ ಐದು ಸೇರು ಕುಚ್ಚಲಕ್ಕಿ ಕಟ್ಟಿಕೊಡುವ ಉತ್ಸಾಹದಲ್ಲಿದ್ದಾರೆ.

ಬಿಜೈ ಬಸ್‌ಸ್ಟ್ಯಾಂಡ್

ಕುಚ್ಚಲಕ್ಕಿ ಬೇಡ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ.

ಘಟ್ಟ ಹತ್ತಿದವ

ಹೋಗಿ ಮಾರಾಯರೇ, ಕೇಳುವುದೇನಿದೆ! ಅದು ಹಿಮಾಲಯದ ಸುಲಭದ ಚಾರಣಗಳಲ್ಲಿ ಒಂದು. ಡಿಸೆಂಬರ್ ಕೊನೆಯಲ್ಲಿ ಆ ದಾರಿ ಉಡುಪಿ ಪರ್ಯಾಯದ ರಾತ್ರಿಯ ರಥಬೀದಿಯಂತೆ ತುಂಬಿರುತ್ತದೆ. ಮುಂದಿನವರ ಹೆಜ್ಜೆ ನೋಡಿಕೊಂಡು ನಡೆದರೆ ಶಿಖರ ಬರುತ್ತದೆ. ಕಂಪನಿಗೆ ಹಣ ಸುರಿಯಬೇಡಿ.

ಕೋಟೇಶ್ವರದವಳು

ಮೇಲಿನವರ ಮಾತು ಅರ್ಧ ಸರಿ. ಜನಜಂಗುಳಿ ಇರುವುದು ನಿಜ, ದಾರಿ ತಪ್ಪುವುದು ಕಷ್ಟ. ಆದರೆ ಸುಲಭ ಎನ್ನುವುದು ಕಾಲಿಗೆ ಮಾತ್ರ, ರಾತ್ರಿಗಲ್ಲ.

ನಾನು ಮೂರು ವರ್ಷಗಳ ಹಿಂದೆ ಜನವರಿಯಲ್ಲಿ ಹೋಗಿದ್ದೆ. ದೆಹ್ರಾದೂನ್‌ನಿಂದ ಸಾಂಕ್ರಿ ಹಳ್ಳಿಗೆ ಸುಮಾರು 200 ಕಿ.ಮೀ., ಆದರೆ ಇಡೀ ದಿನ ಹಿಡಿಯುತ್ತದೆ. ದಾರಿಯಲ್ಲಿ ಸಿಗುವ ಪುರೋಲಾದಲ್ಲೇ ನಗದು ತೆಗೆದಿಟ್ಟುಕೊಳ್ಳಿ. ಸಾಂಕ್ರಿ ಸುಮಾರು 1,950 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಕುದುರೆಮುಖದ ನೆತ್ತಿಗಿಂತಲೂ ಸ್ವಲ್ಪ ಮೇಲೆ. ನಿಮ್ಮ ಚಾರಣ ಶುರುವಾಗುವುದೇ ಅಲ್ಲಿಂದ. ಮೊದಲ ರಾತ್ರಿ ಜೂಡಾ ಕಾ ತಾಲಾಬ್, ಸುಮಾರು 2,770 ಮೀಟರ್. ಎರಡನೆಯ ರಾತ್ರಿ 3,400 ಮೀಟರ್ ದಾಟಿದ ತಂಗುದಾಣ. ಅಲ್ಲಿಂದ ಬೆಳಗಿನ ಜಾವ ಎದ್ದು, ಹಣೆದೀಪ ಕಟ್ಟಿಕೊಂಡು 3,800 ಮೀಟರಿನ ಶಿಖರಕ್ಕೆ.

ನನ್ನ ತಪ್ಪು ಹೇಳುತ್ತೇನೆ. ಚಳಿಗೆ ಹೆದರಿ ಸಾಂಕ್ರಿಯಲ್ಲೇ ಇದ್ದಬದ್ದ ಸ್ವೆಟರುಗಳನ್ನೆಲ್ಲ ಹಾಕಿಕೊಂಡು ಹೊರಟೆ. ಒಳಗೆ ಹತ್ತಿಯ ಬನಿಯನ್. ಪೈನ್ ಮರಗಳ ನಡುವೆ ಏರುವಾಗ ಬೆವರು ಧಾರಾಕಾರ. ತಂಗುದಾಣ ತಲುಪಿ ಹತ್ತು ನಿಮಿಷ ಕುಳಿತದ್ದೇ ತಡ, ಬೆನ್ನಿಗೆ ಯಾರೋ ಒದ್ದೆ ಚಾಪೆ ಹೊದಿಸಿದಂತಾಯಿತು. ಬನಿಯನ್ ಆ ರಾತ್ರಿ ಒಣಗಲಿಲ್ಲ. ಬೆಳಗ್ಗೆ ಹೊರಗೆ ನೇತುಹಾಕಿದ್ದು ಹಪ್ಪಳದಂತೆ ಸೆಟೆದು ನಿಂತಿತ್ತು, ಮಡಿಸಲು ಹೋದರೆ ಸದ್ದಾಗುತ್ತಿತ್ತು. ಮೂರು ಸ್ವೆಟರ್ ಇದ್ದೂ ನಡುಗಿದೆ.

ಘಟ್ಟ ಹತ್ತಿದವ

ಹತ್ತಿ ಬನಿಯನ್ ಹಾಕಿದ್ದು ನಿಮ್ಮ ತಪ್ಪು, ಪರ್ವತದ ತಪ್ಪಲ್ಲ.

ಕೋಟೇಶ್ವರದವಳು

ಅದನ್ನೇ ಅಲ್ಲವೇ ನಾನೂ ಹೇಳಿದ್ದು? ಓದಿ ಉತ್ತರ ಬರೆಯಿರಿ.

ಮಲ್ಪೆ ಐಸ್ ಪ್ಲಾಂಟ್

ಹಿಮಾಲಯ ನೋಡಿಲ್ಲ. ಆದರೆ ಹನ್ನೆರಡು ವರ್ಷದಿಂದ ಮಂಜುಗಡ್ಡೆಯ ಕೆಲಸ ಮಾಡುತ್ತಿದ್ದೇನೆ. ಉಪ್ಪುನೀರಿನ ತೊಟ್ಟಿಯಲ್ಲಿ ಡಬ್ಬಗಳನ್ನು ಇಳಿಸಿ ನೀರು ಗಟ್ಟಿ ಮಾಡುತ್ತೇವೆ, ದಿಮ್ಮಿಗಳನ್ನು ತೆಗೆದು ಪುಡಿ ಮಾಡಿ ಬೋಟಿಗೆ ತುಂಬುತ್ತೇವೆ. ಹೊಸದಾಗಿ ಸೇರಿದ ಹುಡುಗರು ಕೈಗೆ ಚಳಿ ಎಂದು ಗೋಳಾಡುತ್ತಾರೆ. ಹಳಬರು ನೋಡುವುದು ಕಾಲನ್ನು. ರಬ್ಬರ್ ಬೂಟಿನೊಳಗೆ ಬೆವರಿ ಕಾಲುಚೀಲ ಒದ್ದೆಯಾದರೆ ಅರ್ಧ ಗಂಟೆಯಲ್ಲಿ ಬೆರಳು ಸತ್ತಂತಾಗುತ್ತದೆ. ಒಣಗಿದ ಕಾಲಿಗೆ ಅದೇ ಬೂಟು, ಅದೇ ಐಸು, ಏನೂ ಆಗುವುದಿಲ್ಲ. ಆದ್ದರಿಂದ ನಾನು ಎರಡು ಜೊತೆ ಕಾಲುಚೀಲ ಇಟ್ಟುಕೊಂಡಿರುತ್ತೇನೆ, ಒಂದನ್ನು ಹೊಟ್ಟೆಯ ಹತ್ತಿರ ಅಂಗಿಯೊಳಗೆ. ಮಧ್ಯಾಹ್ನ ಬದಲಿಸುತ್ತೇನೆ.

ಹಿಮಕ್ಕೂ ಇದೇ ಲೆಕ್ಕ ಇರಬಹುದು ಎಂದು ನನ್ನ ಊಹೆ.

ಕೋಟೇಶ್ವರದವಳು

ಅಣ್ಣ, ಊಹೆಯಲ್ಲ, ಅದೇ ಲೆಕ್ಕ. ಅಲ್ಲಿನ ಮಾರ್ಗದರ್ಶಕ ಮಲಗುವ ಮೊದಲು ಹೇಳಿದ್ದೂ ಇದನ್ನೇ: ನಡೆದ ಕಾಲುಚೀಲದಲ್ಲಿ ಮಲಗಬೇಡಿ.

ನಿವೃತ್ತ ಕನ್ನಡ ಮೇಷ್ಟ್ರು

ಚರ್ಚೆ ಸೊಗಸಾಗಿದೆ. ಒಂದು ತಿದ್ದುಪಡಿ. ಕೆಲವರು ಹಿಮವನ್ನು ಮಂಜು ಎಂದೂ ಮಂಜನ್ನು ಹಿಮ ಎಂದೂ ಬರೆಯುತ್ತಾರೆ. ಆಗುಂಬೆ ಘಾಟಿಯಲ್ಲಿ ಬಸ್ಸಿನ ಗಾಜಿಗೆ ಕವಿಯುವುದು ಮಂಜು. ಹುಲ್ಲಿನ ತುದಿಯಲ್ಲಿ ಕೂರುವುದು ಇಬ್ಬನಿ. ಆಕಾಶದಿಂದ ಹತ್ತಿಯಂತೆ ಉದುರುವುದು ಹಿಮ. ಮಲ್ಪೆಯ ಸಹೋದರರು ಪುಡಿ ಮಾಡುವುದು ಮಂಜುಗಡ್ಡೆ.

ಬಿಜೈ ಬಸ್‌ಸ್ಟ್ಯಾಂಡ್

ಮೇಷ್ಟ್ರೇ, ಇಲ್ಲಿ ಯಾರೂ ಹಾಗೆ ಬರೆದಿಲ್ಲ.

ನಿವೃತ್ತ ಕನ್ನಡ ಮೇಷ್ಟ್ರು

ಮುಂದೆ ಬರೆಯುವವರಿಗಾಗಿ ಹೇಳಿದೆ.

ಕಂಕನಾಡಿ ಡಾಕ್ಟರ್

ಭಾವನವರ ವಿಷಯ. 51 ವರ್ಷ, ರಕ್ತದೊತ್ತಡ ಹಿಡಿತದಲ್ಲಿದೆ ಎಂದರೆ ಹೋಗಲೇಬಾರದು ಎಂದಿಲ್ಲ. ಆದರೆ ಅವರ ವೈದ್ಯರು ನೋಡಿ ಹೇಳಬೇಕು, ನಾನು ಇಲ್ಲಿ ಕುಳಿತು ಹೇಳುವಂತಿಲ್ಲ. ಕುಮಾರಪರ್ವತದ ಎತ್ತರ 1,712 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರಿನ ಮೇಲೆ. ಅಲ್ಲಿ ಯಾರು ಮುಂದೆ ಓಡಿದರು ಎನ್ನುವುದರಿಂದ ಇಲ್ಲಿ ಏನೂ ಗೊತ್ತಾಗುವುದಿಲ್ಲ. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನಿಗೂ ತಲೆನೋವು, ವಾಂತಿ ಬರಬಹುದು.

ಮೇಲಿನವರು ಬರೆದ ಎತ್ತರಗಳನ್ನು ನೋಡಿ: 1,950, 2,770, 3,400. ಎರಡೇ ದಿನದಲ್ಲಿ ಮಲಗುವ ಎತ್ತರ ಸುಮಾರು ಒಂದೂವರೆ ಸಾವಿರ ಮೀಟರ್ ಏರುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ ಎನ್ನುವುದು ನಾವು ಹೇಳುವ ಸಾಮಾನ್ಯ ಮಾತು. ಸಾಂಕ್ರಿಯಲ್ಲಿ ಒಂದು ದಿನ ಹೆಚ್ಚಿಗೆ ಕಳೆಯಿರಿ. ಸಾಧ್ಯವಾದರೆ ಜೂಡಾ ಕಾ ತಾಲಾಬ್‌ನಲ್ಲಿ ಇನ್ನೊಂದು ದಿನ. ತಲೆನೋವಿನ ಜೊತೆ ವಾಂತಿಯಾದರೆ ಮೇಲೆ ಹೋಗುವುದು ಬೇಡ. ಕುಡಿದವರಂತೆ ತೂರಾಡುತ್ತಿದ್ದರೆ, ಕುಳಿತಲ್ಲೇ ಏದುಸಿರು ಬರುತ್ತಿದ್ದರೆ ಬೆಳಗಾಗುವುದನ್ನು ಕಾಯದೆ ಕೆಳಗೆ ಇಳಿಸಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮೊದಲೇ ತಿಳಿಸಿ.

ಬಂಟ್ವಾಳ ಭಾವ

ಒಂದು ಕ್ವಾರ್ಟರ್ ಬ್ರಾಂದಿ ಜೇಬಿನಲ್ಲಿದ್ದರೆ ಯಾವ ಚಳಿಯೂ ಹತ್ತಿರ ಬರುವುದಿಲ್ಲ. ನಮ್ಮ ದೊಡ್ಡಪ್ಪ ಸೈನ್ಯದಲ್ಲಿದ್ದರು, ಅವರೇ ಹೇಳಿದ್ದು.

ಕಂಕನಾಡಿ ಡಾಕ್ಟರ್

ಬೆಚ್ಚಗಾದಂತೆ ಅನಿಸುತ್ತದೆ, ಅಷ್ಟೇ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬಂದು ಶಾಖ ಹೊರಗೆ ಹೋಗುತ್ತದೆ. ದೊಡ್ಡಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ.

ಬಂಟ್ವಾಳ ಭಾವ

ಅವರು ತೀರಿಕೊಂಡಿದ್ದಾರೆ. 88 ವರ್ಷ ಬದುಕಿದರು, ಬ್ರಾಂದಿಯ ಜೊತೆಗೆ.

ಶೀತವಲಯ

ನಾನು ಮಂಗಳೂರಿನವನೇ, ಈಗ ದೆಹ್ರಾದೂನ್‌ನಲ್ಲಿ ಕೆಲಸ. ಚಳಿಗಾಲದಲ್ಲಿ ವರ್ಷಕ್ಕೆರಡು ಸಲ ಹಿಮದಲ್ಲಿ ಮಲಗುತ್ತೇನೆ. ಡೇರೆಯ ಬಗ್ಗೆ ಯಾರೂ ಉತ್ತರಿಸಿಲ್ಲ, ಆದ್ದರಿಂದ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಅನುಮತಿ. ಆ ಪ್ರದೇಶ ಗೋವಿಂದ ವನ್ಯಧಾಮಕ್ಕೆ ಸೇರಿದ್ದು. ನೈಟ್ವಾಡ್‌ನ ಅರಣ್ಯ ಇಲಾಖೆಯ ಗೇಟಿನಲ್ಲಿ ಚೀಟಿ ಮಾಡಿಸಬೇಕು. ಎಲ್ಲೆಂದರಲ್ಲಿ ಡೇರೆ ಹೊಡೆಯುವ ಕಾಲ ಹೋಯಿತು. 2018ರಲ್ಲಿ ಉತ್ತರಾಖಂಡದ ಹೈಕೋರ್ಟು ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನೇ ನಿಷೇಧಿಸಿತು. ಸಾಂಕ್ರಿಯ ಹುಡುಗನೊಬ್ಬನನ್ನು ಮಾರ್ಗದರ್ಶಕನಾಗಿ ಗೊತ್ತು ಮಾಡಿಕೊಳ್ಳಿ. ದೊಡ್ಡ ಕಂಪನಿ ಬೇಕೆಂದೇನಿಲ್ಲ, ಊರಿನವನು ಬೇಕೇಬೇಕು.

ಇನ್ನು ನಿಮ್ಮ ಕಾಪುವಿನ ಡೇರೆ. ಮಳೆ ತಡೆಯುವುದು ಬೇರೆ, ಹಿಮದ ಭಾರ ಹೊರುವುದು ಬೇರೆ. ತೆಳುಕೋಲಿನ ಡೇರೆಯ ಮೇಲೆ ರಾತ್ರಿಯಿಡೀ ಹಿಮ ಬಿದ್ದರೆ ಮಧ್ಯರಾತ್ರಿ ಬಟ್ಟೆ ಬಂದು ಮೂಗಿಗೆ ತಾಗುತ್ತದೆ. ಒಳಗಿನಿಂದ ತಟ್ಟಿ ಕೆಡವುತ್ತಿರಬೇಕು. ಗೂಟ ಬೇರೆ ನಿಲ್ಲುವುದಿಲ್ಲ, ಹಸಿ ಹಿಮಕ್ಕೆ ಹೊಡೆದ ಗೂಟ ಅವಲಕ್ಕಿಗೆ ಚುಚ್ಚಿದ ಚಮಚದಂತೆ. ನಾವು ಮಾಡುವುದು ಹೀಗೆ: ಮೊದಲು ಬೂಟುಗಾಲಿನಲ್ಲಿ ಜಾಗವನ್ನೆಲ್ಲ ತುಳಿದು ಗಟ್ಟಿ ಮಾಡುತ್ತೇವೆ, ಅರ್ಧ ಗಂಟೆ ಬಿಡುತ್ತೇವೆ. ತುಳಿದ ಹಿಮ ತಾನೇ ಬಿಗಿದುಕೊಳ್ಳುತ್ತದೆ. ಆಮೇಲೆ ಗೂಟದ ಬದಲು ಒಂದು ಕೋಲಿಗೆ ಹಗ್ಗ ಕಟ್ಟಿ, ಅಡ್ಡಕ್ಕೆ ಒಂದು ಅಡಿ ಆಳದಲ್ಲಿ ಹೂತು ಮೇಲಿನಿಂದ ತುಳಿಯುತ್ತೇವೆ. ಬೆಳಗ್ಗೆ ಅದನ್ನು ಅಗೆದು ತೆಗೆಯಲು ಬೆವರು ಹರಿಯುತ್ತದೆ.

ಮುಖ್ಯ ಮಾತು. ಚಳಿ ಎಂದು ಡೇರೆಯ ಜಿಪ್ಪನ್ನು ಪೂರ್ತಿ ಎಳೆದು ಮಲಗಬೇಡಿ. ಇಬ್ಬರು ಉಸಿರಾಡಿದ ನೀರು ಒಳಗಿನ ಬಟ್ಟೆಗೆ ತಾಗಿ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಸೂರ್ಯ ಬಂದದ್ದೇ ಕರಗಿ ನಿಮ್ಮ ಸ್ಲೀಪಿಂಗ್ ಬ್ಯಾಗಿನ ಮೇಲೆ ತೊಟ್ಟಿಕ್ಕುತ್ತದೆ. ಒದ್ದೆಯಾದ ಗರಿಯ ಬ್ಯಾಗು ಎರಡನೆಯ ರಾತ್ರಿಗೆ ಗೋಣಿಚೀಲಕ್ಕೆ ಸಮ. ಮೇಲಿನ ಗಾಳಿಕಿಂಡಿ ತೆರೆದೇ ಇರಲಿ.

ಒಂದು ವಿಷಯದಲ್ಲಿ ನಾವು ಕರಾವಳಿಯವರು ಉತ್ತರದವರಿಗಿಂತ ಜಾಣರು. ಆಟಿ ತಿಂಗಳ ಮಳೆಯಲ್ಲಿ ಬಟ್ಟೆ ಒಣಗಿಸುವುದು ಹೇಗೆ, ರೈನ್‌ಕೋಟಿನೊಳಗೆ ಬೆವರಿ ಒದ್ದೆಯಾಗುವುದು ಹೇಗೆ, ಪೆಟ್ಟಿಗೆಯೊಳಗೆ ಬೂಷ್ಟು ಬರುವುದು ಯಾವಾಗ ಎಂದು ನಮಗೆ ಯಾರೂ ಕಲಿಸಬೇಕಿಲ್ಲ. ಹಿಮದಲ್ಲೂ ಜಗಳ ಒದ್ದೆಯ ಜೊತೆಗೇ. ನನ್ನ ದೆಹಲಿಯ ಗೆಳೆಯರು ಚಳಿಯನ್ನು ಬಲ್ಲವರು, ತೇವವನ್ನು ಬಲ್ಲವರಲ್ಲ. ಮೊದಲು ತೋಯುವುದು ಅವರೇ.

ಗೋಳಿಬಜೆ

ನಾಲ್ಕು ಜನ ಒಂದೇ ಡೇರೆಯಲ್ಲಿ ಮಲಗಿ ಒಂದು ಸಣ್ಣ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡರೆ ಆಗದೇ?

ಶೀತವಲಯ

ಆಗದು! ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಮುಚ್ಚಿದ ಜಾಗದಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊನೆ. ಪ್ರತಿ ಚಳಿಗಾಲ ಉತ್ತರ ಭಾರತದ ಪತ್ರಿಕೆಗಳಲ್ಲಿ ಕೋಣೆಯೊಳಗೆ ಅಂಗೀಠಿ ಇಟ್ಟು ಮಲಗಿದವರ ಸುದ್ದಿ ಬರುತ್ತದೆ. ಡೇರೆಯೊಳಗೆ ಸ್ಟೌ ಕೂಡ ಬೇಡ. ಬೆಚ್ಚಗಾಗಬೇಕಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಕಾಲುಚೀಲದೊಳಗೆ ತುರುಕಿ ಪಾದದ ಬಳಿ ಇಟ್ಟುಕೊಳ್ಳಿ. ಬೆಳಗ್ಗೆ ಕುಡಿಯಲು ಹೆಪ್ಪುಗಟ್ಟದ ನೀರೂ ಸಿಕ್ಕಿತು.

ಘಟ್ಟ ಹತ್ತಿದವ

ಇಷ್ಟೆಲ್ಲ ಹೆದರಿಸಿದರೆ ಯಾರು ಹೋಗುತ್ತಾರೆ? ನಾನು ಮೊದಲ ಸಲ ಹೋದಾಗ ಜೀನ್ಸ್ ಪ್ಯಾಂಟಿನಲ್ಲೇ ಹತ್ತಿ ಬಂದೆ.

ಪಡುಬಿದ್ರಿ ತೀರ

ಬಂದಿರಿ, ಸಂತೋಷ. ಬಾರದವರು ಇಲ್ಲಿ ಬರೆಯುವುದಿಲ್ಲ. 2024ರ ಜೂನ್‌ನಲ್ಲಿ ಅದೇ ಉತ್ತರಕಾಶಿ ಕಡೆಯ ಸಹಸ್ರತಾಲ್‌ಗೆ ಹೋದ ನಮ್ಮ ಕರ್ನಾಟಕದ ತಂಡದಲ್ಲಿ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಅವರು 22 ಜನ ಒಟ್ಟಿಗೆ ಹೋಗಿದ್ದರು, ಮಾರ್ಗದರ್ಶಕರೂ ಇದ್ದರು. ಅದು ಚಳಿಗಾಲವೂ ಅಲ್ಲ, ಜೂನ್. ಸಹಸ್ರತಾಲ್ ಕೇದಾರಕಂಠಕ್ಕಿಂತ ಎತ್ತರ, ಕಷ್ಟ, ಒಪ್ಪುತ್ತೇನೆ. ಆದರೆ ಜೀನ್ಸ್ ಪ್ಯಾಂಟಿನ ಕಥೆಯನ್ನು ಹೊಸಬರಿಗೆ ಹೇಳಬೇಡಿ.

ಘಟ್ಟ ಹತ್ತಿದವ

ಸರಿ, ಆ ಮಾತು ಹಿಂತೆಗೆದುಕೊಂಡೆ. ಜೀನ್ಸ್ ಬೇಡ.

ಶೀತವಲಯ

ಗಾಳಿಯ ಮಾತು ಬಂದದ್ದು ಒಳ್ಳೆಯದಾಯಿತು. ಶಿಖರದ ಕೊನೆಯ ಏರಿನಲ್ಲಿ ಮರಗಳಿಲ್ಲ. ಉಷ್ಣಾಂಶ −10 ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಬರಿಮೈಗೆ ಅದು ಸುಮಾರು −20ರಂತೆ ತಟ್ಟುತ್ತದೆ. ಆದ್ದರಿಂದ ದಪ್ಪ ಸ್ವೆಟರಿಗಿಂತ ಗಾಳಿ ತೂರದ ಹೊರ ಅಂಗಿ ಮುಖ್ಯ. ಒಳಗೆ ಉಣ್ಣೆಯದೋ ಪಾಲಿಯೆಸ್ಟರಿನದೋ ತೆಳು ಅಂಗಿ, ಮೇಲೊಂದು ಫ್ಲೀಸ್, ನಿಂತಾಗ ಹಾಕಿಕೊಳ್ಳಲು ಗರಿಯ ಜಾಕೆಟ್. ಹೊರಡುವಾಗ ಸ್ವಲ್ಪ ಚಳಿ ಅನಿಸುವಷ್ಟೇ ಹಾಕಿಕೊಂಡು ಹೊರಡಿ, ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಬೂಟಿಗೆ ಕಟ್ಟುವ ಮುಳ್ಳು, ಹಿಮ ಬೂಟಿನೊಳಗೆ ನುಗ್ಗದಂತೆ ಮೊಣಕಾಲಿನವರೆಗೆ ಕಟ್ಟುವ ಹೊದಿಕೆ, ಅಂದರೆ ಗೇಟರ್, ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಕಪ್ಪು ಕನ್ನಡಕ ಮರೆಯಬೇಡಿ, ಹೊಸ ಹಿಮ ನೇರಳಾತೀತ ಕಿರಣವನ್ನು ಶೇ. 80ರಷ್ಟು ತಿರುಗಿ ಎಸೆಯುತ್ತದೆ. ಸಂಜೆಗೆ ಕಣ್ಣಿಗೆ ಮರಳು ಎರಚಿದಂತಾಗುತ್ತದೆ.

ಬಿಜೈ ಬಸ್‌ಸ್ಟ್ಯಾಂಡ್

ಈಗ ಕುಚ್ಚಲಕ್ಕಿ. ಎತ್ತರ ಏರಿದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಜೂಡಾ ಕಾ ತಾಲಾಬ್‌ನಲ್ಲಿ ಸುಮಾರು 91 ಡಿಗ್ರಿಗೆ, ಶಿಖರದ ಎತ್ತರದಲ್ಲಿ 87ರ ಆಸುಪಾಸಿಗೆ. ಊರಿನಲ್ಲೇ ಮುಕ್ಕಾಲು ಗಂಟೆ ಬೇಯುವ ಅಕ್ಕಿ ಅಲ್ಲಿ ಯಾವಾಗ ಅರಳುತ್ತದೆ? ಗ್ಯಾಸು ಮುಗಿದರೂ ಗಂಜಿ ಆಗುವುದಿಲ್ಲ. ಅಂದ ಹಾಗೆ ಗ್ಯಾಸ್ ಡಬ್ಬಿಯನ್ನು ರೈಲಿನಲ್ಲೂ ವಿಮಾನದಲ್ಲೂ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು. ಕೊಳ್ಳುವಾಗ ಪ್ರೊಪೇನ್ ಬೆರೆಸಿದ್ದು ಕೇಳಿ. ಬರಿಯ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಡಬ್ಬಿ ತುಂಬಿದ್ದರೂ ಬೆಂಕಿ ಹತ್ತುವುದಿಲ್ಲ.

ಅಮ್ಮನಿಗೆ ಹೇಳಿ: ಅವಲಕ್ಕಿ, ಬೆಲ್ಲ, ಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಕಡಲೆ ಮಿಠಾಯಿ.

ಗೋಳಿಬಜೆ

ಕೋರಿ ರೊಟ್ಟಿಯ, ಅಂದರೆ ಕೋಳಿ ಸಾರಿಗೆ ಮುರಿದು ಹಾಕುವ, ಗರಿಗರಿ ರೊಟ್ಟಿ! ತೂಕವಿಲ್ಲ, ಕೆಡುವುದಿಲ್ಲ, ಬಿಸಿ ಸೂಪಿಗೆ ಮುರಿದು ಹಾಕಿದರೆ ಊಟ.

ಬಂಟ್ವಾಳ ಭಾವ

ಕೋರಿ ಇಲ್ಲದ ರೊಟ್ಟಿ ಯಾವ ಸುಖಕ್ಕೆ?

ಕೋಟೇಶ್ವರದವಳು

ಗೋಳಿಬಜೆಯವರ ಸಲಹೆ ಈ ಇಡೀ ಚರ್ಚೆಯಲ್ಲೇ ಶ್ರೇಷ್ಠ. ಆದರೆ ಬೆನ್ನುಚೀಲದಲ್ಲಿ ಅದು ಪುಡಿಯಾಗುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಇಡಿ.

ರೈಲು ಪ್ರೇಮಿ

ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಉಡುಪಿಯಲ್ಲೇ ಸಿಗುತ್ತದೆ, ಎರಡು ರಾತ್ರಿ ಕಳೆದರೆ ಹಜರತ್ ನಿಜಾಮುದ್ದೀನ್. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, 120 ಅಲ್ಲ. ಡಿಸೆಂಬರಿನಲ್ಲಿ ಉತ್ತರದ ಮಂಜಿಗೆ ರೈಲು ತಡವಾಗುವುದು ಮಾಮೂಲು. ದೆಹಲಿಯಿಂದ ದೆಹ್ರಾದೂನ್‌ಗೆ ಅದೇ ಸಂಜೆಯ ರೈಲು ನಂಬಬೇಡಿ. (ಮೇಷ್ಟ್ರೇ, ಮಂಜು ಎಂದೇ ಬರೆದಿದ್ದೇನೆ.)

ನಿವೃತ್ತ ಕನ್ನಡ ಮೇಷ್ಟ್ರು

ಗಮನಿಸಿದೆ.

ಕಡಿಯಾಳಿಯವ

ಎಲ್ಲರಿಗೂ ವಂದನೆ. ನಿರ್ಧಾರ ಹೀಗಾಗಿದೆ: ಡೇರೆ, ಸ್ಲೀಪಿಂಗ್ ಬ್ಯಾಗ್ ಎಲ್ಲ ಸಾಂಕ್ರಿಯಲ್ಲಿ ಬಾಡಿಗೆಗೆ, ಜೊತೆಗೆ ಸ್ಥಳೀಯ ಮಾರ್ಗದರ್ಶಕ. ಒಂದು ದಿನ ಹೆಚ್ಚಿಗೆ. ಭಾವ ವೈದ್ಯರ ಬಳಿ ಹೋಗಿಬಂದರು, ಒಪ್ಪಿಗೆ ಸಿಕ್ಕಿದೆ. ಈಗ ದಿನಾ ಸಂಜೆ ಮಲ್ಪೆಯ ಮರಳಿನಲ್ಲಿ ಹತ್ತು ಕಿಲೋ ಹೊತ್ತು ನಡೆಯುತ್ತಿದ್ದೇವೆ. ಜನ ನಿಂತು ನೋಡುತ್ತಾರೆ.

ಕಡಿಯಾಳಿಯವ (ಜನವರಿ 6)

ಬಂದೆವು. ನಾಲ್ವರೂ ಇಡಿಯಾಗಿ.

ಮೊದಲು ಸೋತ ಕಥೆ. ಶಿಖರಕ್ಕೆ ಹೋದದ್ದು ಮೂವರು. ಎರಡನೆಯ ತಂಗುದಾಣದಲ್ಲಿ ರಾತ್ರಿ ತಲೆನೋವು, ವಾಂತಿ ಶುರುವಾದದ್ದು ಭಾವನಿಗಲ್ಲ, ನನಗೆ. ಡಾಕ್ಟರ್ ಇಲ್ಲಿ ಬರೆದದ್ದು ನೆನಪಿತ್ತು. ಮಾರ್ಗದರ್ಶಕನ ತಮ್ಮನ ಜೊತೆ ಬೆಳಗ್ಗೆ ಕೆಳಗಿಳಿದೆ. ಜೂಡಾ ಕಾ ತಾಲಾಬ್ ತಲುಪುವಷ್ಟರಲ್ಲಿ ತಲೆ ತಿಳಿಯಾಗಿತ್ತು, ಹಸಿವೂ ಆಯಿತು. ಭಾವ ಶಿಖರದಿಂದ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳ ಫೋಟೊ ತೆಗೆಯಲು ಹೋದರೆ ಮೊಬೈಲ್ ಶೇ. 40 ತೋರಿಸುತ್ತ ಸತ್ತುಹೋಯಿತಂತೆ. ನನ್ನ ಹೆಂಡತಿ ತನ್ನದನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿದ್ದಳು, ಅದು ಬದುಕಿತ್ತು. ಇರುವ ಫೋಟೊಗಳೆಲ್ಲ ಅವಳವು, ಅದನ್ನು ದಿನಕ್ಕೆ ನಾಲ್ಕು ಸಲ ನೆನಪಿಸುತ್ತಾಳೆ.

ಬಾಡಿಗೆಯ ಸ್ಲೀಪಿಂಗ್ ಬ್ಯಾಗೊಂದು ಗೆಳೆಯನಿಗೆ ಅರ್ಧ ಅಡಿ ಗಿಡ್ಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ನಕ್ಕೆವು. ಅವನು ನಗಲಿಲ್ಲ. ಕಾಲು ತುದಿಗೆ ಒತ್ತಿದ ಕಡೆ ಗರಿ ಚಪ್ಪಟೆಯಾಗಿ ಚಳಿ ನೇರವಾಗಿ ಒಳಗೆ ಬರುತ್ತಿತ್ತು. ತೆಗೆದುಕೊಳ್ಳುವಾಗ ಒಳಗೆ ಇಳಿದು ನೋಡಿ.

ಹಿಮ ಕರಗಿಸಿ ಚಹಾ ಮಾಡಿದೆವು. ಬರಿ ಪಾತ್ರೆಗೆ ಹಿಮ ತುಂಬಿ ಒಲೆಯ ಮೇಲಿಟ್ಟೆ. ತಳದ್ದು ಕರಗಿ ಆರಿ, ಮೇಲಿನದು ಗುಮ್ಮಟದಂತೆ ಹಾಗೆಯೇ ನಿಂತು, ಪಾತ್ರೆ ಸೀದು ಸುಟ್ಟ ವಾಸನೆ. ಮಾರ್ಗದರ್ಶಕ ನಗುತ್ತ ತನ್ನ ಬಾಟಲಿಯಿಂದ ಎರಡು ಗುಟುಕು ನೀರು ತಳಕ್ಕೆ ಸುರಿದು ಕೊಟ್ಟ. ಆಮೇಲೆ ಚೆನ್ನಾಗಿ ಕರಗಿತು. ಪಾತ್ರೆ ತುಂಬ ಹಿಮ ಹಾಕಿದರೆ ಸಿಗುವುದು ಒಂದು ಲೋಟ ನೀರು!

ಅಮ್ಮ ಕೊಟ್ಟ ತೆಂಗಿನೆಣ್ಣೆ ಮೊದಲ ದಿನವೇ ಬಿಳಿ ಕಲ್ಲಾಯಿತು. ತುಟಿಗೆ ಹಚ್ಚಲು ಚೂರಿಯಿಂದ ಕೆರೆದುಕೊಂಡೆವು. ರೊಟ್ಟಿ ಪುಡಿಯಾಗಲಿಲ್ಲ, ಸ್ಟೀಲ್ ಡಬ್ಬಿಯ ಕೋಟೇಶ್ವರದ ಅಕ್ಕನಿಗೆ ನಮಸ್ಕಾರ. ಐಸ್ ಪ್ಲಾಂಟಿನ ಅಣ್ಣನ ಕಾಲುಚೀಲದ ಉಪಾಯವನ್ನು ಮಾರ್ಗದರ್ಶಕನಿಗೆ ಹೇಳಿದೆ. ಅವನು ತನ್ನ ಅಂಗಿ ಎತ್ತಿ ತೋರಿಸಿದ, ಅವನ ಒಂದು ಜೊತೆ ಕಾಲುಚೀಲವೂ ಹೊಟ್ಟೆಯ ಮೇಲೆ ಇತ್ತು.

ಮಲ್ಪೆ ಐಸ್ ಪ್ಲಾಂಟ್

ಇದನ್ನು ನಮ್ಮ ಹುಡುಗರಿಗೆ ಓದಿ ಹೇಳಿದೆ. ಈಗ ಇಬ್ಬರು ಕಾಲುಚೀಲ ಬದಲಿಸುತ್ತಿದ್ದಾರೆ.

ಕಂಕನಾಡಿ ಡಾಕ್ಟರ್

ಇಳಿದದ್ದು ಸರಿ.

ಘಟ್ಟ ಹತ್ತಿದವ

ಮುಂದಿನ ವರ್ಷ ಮತ್ತೆ ಹೋಗುತ್ತೀರಾ?

ಕಡಿಯಾಳಿಯವ

ಭಾವ ಈಗಾಗಲೇ ರಜೆ ಕೇಳಿದ್ದಾರೆ. ಅಂದ ಹಾಗೆ ಗೇಟರ್ ಬಾಡಿಗೆಗಿಂತ ಕೊಳ್ಳುವುದೇ ವಾಸಿ ಎಂದು ನಾಲ್ಕು ಜೊತೆ ಕೊಂಡಿದ್ದೆ, ಎರಡು ಹೆಚ್ಚು ಇವೆ. ಯಾರಿಗಾದರೂ ಬೇಕಿದ್ದರೆ ಉಡುಪಿಯಲ್ಲಿ ಬಂದು ತೆಗೆದುಕೊಳ್ಳಬಹುದು.

ಮಲ್ಪೆ ಐಸ್ ಪ್ಲಾಂಟ್

ಒಂದು ಜೊತೆ ನನಗಿರಲಿ. ಮಳೆಗಾಲದಲ್ಲಿ ಮಾವನ ಅಡಿಕೆ ತೋಟಕ್ಕೆ ಹೋಗುವಾಗ ಕಟ್ಟಿಕೊಳ್ಳುತ್ತೇನೆ, ಉಂಬಳ ಹತ್ತುವುದಿಲ್ಲ.

ಬಂಟ್ವಾಳ ಭಾವ

ಇನ್ನೊಂದು ನನಗೆ. ಅದೇ ಕೆಲಸಕ್ಕೆ.